ಇನ್ಸುಲಿನ್ ಗೊತ್ತು ಸಾರ್, ಎಷ್ಟು ಯೂನಿಟ್ ಅನ್ನೋದು ಮಾತ್ರ ಗೊತ್ತಿಲ್ಲ

ರೌಂಡ್ಸ್ ಮೇಷ್ಟ್ರು

ನಿನ್ನೆಯ ಬೆಡ್‌ಸೈಡ್ ಕ್ಲಾಸು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರೋಗಿಗೆ 58 ವರ್ಷ, ತೂಕ 72 ಕಿಲೋ. ಟೈಪ್ 2 ಡಯಾಬಿಟಿಸ್ ಶುರುವಾಗಿ 11 ವರ್ಷ. ಮೂರು ಬಗೆಯ ಮಾತ್ರೆ, ಮೂರೂ ಫುಲ್ ಡೋಸ್. ಆದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 10.8 ಶೇಕಡಾ. ನಾಲ್ಕು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದಾರೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಸುತ್ತ ಎಂಟು ಜನ ಫೈನಲ್ ಇಯರ್ ವಿದ್ಯಾರ್ಥಿಗಳು. 'ಮುಂದೇನು?' ಅಂದೆ. ಎಂಟೂ ಜನ ಒಟ್ಟಿಗೆ 'ಇನ್ಸುಲಿನ್' ಅಂದರು. ಖುಷಿಯಾಯಿತು.

'ಸರಿ, ಯಾವುದು? ಎಷ್ಟು ಯೂನಿಟ್? ಯಾವ ಹೊತ್ತಿಗೆ? ಮೂರು ದಿನ ಆದ ಮೇಲೆ ಏನು ನೋಡ್ತೀರಿ?' ಅಂದೆ. ಎಲ್ಲರ ಕಣ್ಣೂ ಕೇಸ್ ಶೀಟಿನ ಮೇಲೆ. ಒಬ್ಬ ಸಕ್ಕರೆಯನ್ನು ಒಳಗೆ ಸಾಗಿಸುವ ಗ್ಲೂಟ್-4 ಪ್ರೋಟೀನ್ ಜೀವಕೋಶದ ಮೇಲ್ಪೊರೆಗೆ ಹೇಗೆ ಬರುತ್ತದೆ ಅಂತ ಸೊಗಸಾಗಿ ವಿವರಿಸಿದ. ಇನ್ನೊಬ್ಬಳು ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲ ಇವೆ ಅಂದಳು. ಎರಡೂ ಸರಿ. ಆದರೆ ಹಾಸಿಗೆ ಮೇಲಿದ್ದವರಿಗೆ ಅವತ್ತು ರಾತ್ರಿ ಬೇಕಿದ್ದದ್ದು ಚಾರ್ಟಿನ ಮೇಲೆ ಒಂದೇ ಒಂದು ಅಂಕಿ.

ಅಷ್ಟರಲ್ಲಿ ಆ ರೋಗಿಯೇ ಕೇಳಿದರು: 'ಡಾಕ್ಟ್ರೇ, ಇದು ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ವಂತೆ, ಹೌದಾ?' ಒಬ್ಬ ಹುಡುಗ ತಲೆ ಎತ್ತದೆ 'ಹೌದು' ಅಂದುಬಿಟ್ಟ. ನನ್ನನ್ನು ಕಾಡುತ್ತಿರುವುದು ಆ 'ಹೌದು'. ಡೋಸ್ ಬೇಕಾದರೆ ಪುಸ್ತಕ ತೆಗೆದು ನೋಡಿಕೊಳ್ಳಬಹುದು.

ವಿದ್ಯಾರ್ಥಿಗಳು, ಹೌಸ್‌ಸರ್ಜನ್‌ಗಳು, ಸಿಸ್ಟರ್‌ಗಳು, ಇನ್ಸುಲಿನ್ ತೆಗೆದುಕೊಳ್ಳುವವರು, ಯಾರಾದರೂ ಬರೆಯಿರಿ. ನಾವು ಎಲ್ಲಿ ಎಡವುತ್ತಿದ್ದೇವೆ?

ಕೊನೆ ಬೆಂಚು

ಸಾರ್, ನಾನೂ ಫೈನಲ್ ಇಯರ್. ಆ ಎಂಟು ಜನರಲ್ಲಿ ನಾನಿಲ್ಲ, ಆದರೆ ಇದ್ದಿದ್ದರೆ ನನ್ನದೂ ಅದೇ ಕಥೆ.

ನಿಜ ಹೇಳಬೇಕು ಅಂದರೆ ಇನ್ಸುಲಿನ್ ನಮಗೆ ಮೂರು ಕಡೆ ಸಿಗುತ್ತದೆ. ಮೊದಲ ವರ್ಷ ಬಯೋಕೆಮಿಸ್ಟ್ರಿಯಲ್ಲಿ ರಿಸೆಪ್ಟರ್. ಆಮೇಲೆ ಫಾರ್ಮಕಾಲಜಿಯಲ್ಲಿ ಒಂದು ಟೇಬಲ್: ಯಾವುದು ಎಷ್ಟು ಹೊತ್ತಿಗೆ ಶುರು, ಯಾವಾಗ ಪೀಕ್, ಎಷ್ಟು ಗಂಟೆ ಇರುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ಉರು ಹೊಡೆದು, ಮರುದಿನ ಬರೆದು ಮರೆತುಬಿಡುವ ಟೇಬಲ್. ಕೊನೆಗೆ ಮೆಡಿಸಿನ್‌ನಲ್ಲಿ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವ ಸ್ಥಿತಿ) ಎಮರ್ಜೆನ್ಸಿ. ಹಾಗಾಗಿ ಡ್ರಿಪ್‌ನಲ್ಲಿ ಗಂಟೆಗೆ ಪ್ರತಿ ಕಿಲೋಗೆ 0.1 ಯೂನಿಟ್ ಅನ್ನೋದು ನಿದ್ದೆಯಲ್ಲೂ ಹೇಳುತ್ತೇನೆ. ನಡೆದುಕೊಂಡು ಒಪಿಡಿಗೆ ಬರುವ ಟೈಪ್ 2 ರೋಗಿಗೆ ಎಷ್ಟು ಅಂದರೆ ಬ್ಲ್ಯಾಂಕ್.

ಇನ್ನೊಂದು. ಟೈಪ್ 1 ಅಂದ್ರೆ ಇನ್ಸುಲಿನ್ ಬೇಕು, ಟೈಪ್ 2 ಅಂದ್ರೆ ಬೇಡ, ಮಾತ್ರೆ ಸಾಕು ಅನ್ನೋ ಗೆರೆ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಟೈಪ್ 2ಗೆ ಇನ್ಸುಲಿನ್ ಬಂತು ಅಂದರೆ ಏನೋ ಸೋತ ಹಾಗೆ.

ರೌಂಡ್ಸ್ ಮೇಷ್ಟ್ರು

ಆ ಗೆರೆ ಹಳೇ ಹೆಸರುಗಳಿಂದ ಬಂದದ್ದು. ಮೊದಲು ಟೈಪ್ 2ಗೆ 'ಇನ್ಸುಲಿನ್ ಅವಲಂಬಿತವಲ್ಲದ' ಡಯಾಬಿಟಿಸ್ ಅಂತಲೇ ಹೆಸರಿತ್ತು. ಹೆಸರು ಹೋಯಿತು, ಗೆರೆ ಉಳಿಯಿತು.

1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ ಬಂತು. ಹೊಸದಾಗಿ ಟೈಪ್ 2 ಪತ್ತೆಯಾದ ಐದು ಸಾವಿರಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರು. ಅದರ ಲೆಕ್ಕದ ಪ್ರಕಾರ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಕೆಲಸ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆಮೇಲೂ ಇಳಿಯುತ್ತಲೇ ಹೋಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರೂ, ಇನ್ಸುಲಿನ್ ಹೆಚ್ಚು ಸುರಿಸುವ ಸಲ್ಫೊನಿಲ್‌ಯೂರಿಯಾ ಮಾತ್ರೆ ಕೊಟ್ಟರೂ ಇಳಿಯಿತು.

ಅಂದರೆ ಹನ್ನೊಂದು ವರ್ಷ ಆದವರಿಗೆ ಇನ್ಸುಲಿನ್ ಬೇಕಾಯಿತು ಅಂದರೆ ಅವರು ಪಥ್ಯ ಮಾಡಲಿಲ್ಲ ಅಂತಲ್ಲ. ಮೇದೋಜೀರಕ ಗ್ರಂಥಿ ಸುಸ್ತಾಗಿದೆ, ಅಷ್ಟೆ.

ಸಿಸ್ಟರ್ ನೈಟ್ ಡ್ಯೂಟಿ

ನೀವೆಲ್ಲ ಬೀಟಾ ಕೋಶದ ಮಾತಾಡಿ, ನಾನು ಸಿರಿಂಜ್ ಬಗ್ಗೆ ಹೇಳ್ತೀನಿ. 22 ವರ್ಷದ ಸರ್ವಿಸ್ ನನ್ನದು.

ಒಂದು ಸಲ ಹೊಸ ಹೌಸ್‌ಸರ್ಜನ್ ಒಬ್ಬರು ನನ್ನ ಕೈಯಲ್ಲಿದ್ದ ಎರಡು ಸಿರಿಂಜ್ ನೋಡಿ, 'ಯಾವುದಾದ್ರೂ ಒಂದೇ ಅಲ್ವಾ ಸಿಸ್ಟರ್?' ಅಂದರು. ಒಂದರ ಮುಚ್ಚಳ ಕೆಂಪು, ಇನ್ನೊಂದರದು ಕಿತ್ತಳೆ. ಕೆಂಪು ಮಿಲಿಗೆ 40 ಯೂನಿಟ್ ಇರುವ ಬಾಟಲಿಗೆ, ಕಿತ್ತಳೆ 100 ಯೂನಿಟ್ ಇರುವ ಬಾಟಲಿಗೆ. ಎರಡೂ ಬಾಟಲಿ ಸಿಗುವ ಕಡೆ ಇದು ಆಟ ಅಲ್ಲ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ '20' ಗೆರೆ ತನಕ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ತಿರುಗಾ ಮುರುಗಾ ಮಾಡಿದರೆ ಬರೀ 8. ಮೊದಲನೆಯದಕ್ಕೆ ರೋಗಿ ರಾತ್ರಿ ಪ್ರಜ್ಞೆ ತಪ್ಪುತ್ತಾರೆ. ಎರಡನೆಯದಕ್ಕೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡೋಸ್ ಏರಿಸುತ್ತೀರಿ. ಆಮೇಲೆ ಮನೆಗೆ ಹೋಗಿ ಸರಿಯಾದ ಸಿರಿಂಜಲ್ಲಿ ಆ ಏರಿಸಿದ ಡೋಸ್ ತಗೊಂಡರೆ?

ಅವರಿಗೆ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿ ಎರಡರಲ್ಲೂ ನೀರು ಎಳೆಸಿ ತೋರಿಸಿದೆ. ಐದು ವರ್ಷ ಓದಿದವರು, ಇನ್ಸುಲಿನ್ ಸಿರಿಂಜ್ ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲಂತೆ.

ಇನ್ನೊಂದು ಕೋರಿಕೆ. ದಯವಿಟ್ಟು 'ಯೂನಿಟ್' ಅಂತ ಪೂರ್ತಿ ಬರೆಯಿರಿ. ಇಂಗ್ಲಿಷಿನ 'ಯು' ಅಕ್ಷರ ಒಂದನ್ನೇ ಅವಸರದಲ್ಲಿ ಗೀಚಿದರೆ ಸೊನ್ನೆ ಹಾಗೆ ಕಾಣುತ್ತದೆ. 10 ಇದ್ದದ್ದು 100 ಆಗುತ್ತದೆ.

ಹದಿನಾಲ್ಕು ಯೂನಿಟ್

ನಾನು ಡಾಕ್ಟರ್ ಅಲ್ಲ. ರಾತ್ರಿ ಹದಿನಾಲ್ಕು ಯೂನಿಟ್ ತಗೊಳ್ಳೋ ಮನುಷ್ಯ. ಬರೆಯಬಹುದಾ?

ನನಗೆ ಇನ್ಸುಲಿನ್ ಬೇಕು ಅಂತ ಮೊದಲು ಹೇಳಿದ್ದಕ್ಕೂ ನಾನು ಶುರು ಮಾಡಿದ್ದಕ್ಕೂ ನಡುವೆ ಎರಡು ವರ್ಷ ಹೋಯಿತು. ಅದಕ್ಕೆ ಕಾರಣ ಸೂಜಿ ಭಯ ಅಲ್ಲ. ಅದಕ್ಕೂ ಮೊದಲು ಒಬ್ಬ ಚಿಕ್ಕ ಡಾಕ್ಟರು ಪ್ರತಿ ಸಲ 'ಹೀಗೇ ಮಾಡ್ತಿದ್ರೆ ಇನ್ಸುಲಿನ್ ಹಾಕಬೇಕಾಗುತ್ತೆ ನೋಡಿ' ಅನ್ನುತ್ತಿದ್ದರು. ಒಳ್ಳೆಯದಕ್ಕೇ ಹೇಳಿದ್ದು, ಗೊತ್ತು. ಆದರೆ ಶಾಲೆಯಲ್ಲಿ ಬೆತ್ತ ತೋರಿಸಿದ ಹಾಗೆ ಇತ್ತು. ಕೊನೆಗೆ ಬರೆದುಕೊಟ್ಟ ದಿನ ನನಗೆ ಕೇಳಿಸಿದ್ದು 'ನೀನು ಫೇಲ್' ಅಂತ. ಚೀಟಿ ಮಡಚಿ ಕಪಾಟಿನಲ್ಲಿ ಇಟ್ಟೆ.

ನಮ್ಮ ಚಿಕ್ಕಪ್ಪನಿಗೆ ಇನ್ಸುಲಿನ್ ಶುರು ಮಾಡಿದ ಮೇಲೇ ಕಾಲು ತೆಗೆದದ್ದು. ಅದೂ ತಲೆಯಲ್ಲಿ ಇತ್ತು.

ಕೊನೆ ಬೆಂಚು

ಸಾರ್, ನಿಮ್ಮ ಚಿಕ್ಕಪ್ಪನ ವಿಷಯ ಓದಿ ಬೇಜಾರಾಯಿತು. ಈಗ ಯೋಚನೆ ಮಾಡಿದರೆ ನಾನೂ ಆ ಮಾತು ವಾರ್ಡಿನಲ್ಲಿ ಎರಡು ಮೂರು ಸಲ ಹೇಳಿದ್ದೇನೆ. 'ಹೀಗೇ ಆದ್ರೆ ಸೂಜಿ' ಅಂತ. ಸೀನಿಯರ್‌ಗಳು ಹೇಳೋದು ಕೇಳಿ ಕಲಿತದ್ದು.

ರೌಂಡ್ಸ್ ಮೇಷ್ಟ್ರು

ಹದಿನಾಲ್ಕು ಯೂನಿಟ್ ಅವರೇ, ಖಂಡಿತ ಬರೆಯಿರಿ. ನಿಮ್ಮ ಪೋಸ್ಟನ್ನೇ ಕ್ಲಾಸಿನಲ್ಲಿ ಓದಿ ಹೇಳಬೇಕು ಅಂತಿದ್ದೇನೆ.

ಕಾಲಿನ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವುದು ಇದು: ಇನ್ಸುಲಿನ್ ತುಂಬಾ ತಡವಾಗಿ ಬರುತ್ತದೆ. ಅಷ್ಟರಲ್ಲಿ ನರ, ರಕ್ತನಾಳ, ಕಿಡ್ನಿ ಎಲ್ಲ ಕೆಟ್ಟಿರುತ್ತವೆ. ಜನ ಹಿಂದೆ ಮುಂದೆ ನೋಡುವಾಗ ಕೊನೆಗೆ ಬಂದದ್ದರ ಮೇಲೆ ತಪ್ಪು ಹೊರಿಸುತ್ತಾರೆ. ಬೆಂಕಿ ಬಿದ್ದ ಮನೆಗೆ ಕೊನೆಗೆ ಬಂದ ನೀರಿನ ಮೇಲೆ ದೂರು ಹೇಳಿದ ಹಾಗೆ. 2012ರಲ್ಲಿ ಬಂದ ಒರಿಜಿನ್ ಅಧ್ಯಯನದಲ್ಲಿ ಹನ್ನೆರಡು ಸಾವಿರಕ್ಕೂ ಜಾಸ್ತಿ ಜನರನ್ನು ಆರು ವರ್ಷ ನೋಡಿದರು. ಗ್ಲಾರ್ಜಿನ್ (ದಿನಪೂರ್ತಿ ಕೆಲಸ ಮಾಡುವ ಇನ್ಸುಲಿನ್) ತೆಗೆದುಕೊಂಡವರಲ್ಲಿ ಹೃದಯದ ತೊಂದರೆಯಾಗಲಿ, ಕ್ಯಾನ್ಸರ್ ಆಗಲಿ ಜಾಸ್ತಿಯಾಗಲಿಲ್ಲ. ತೂಕ ಸ್ವಲ್ಪ ಏರಿತು, ಶುಗರ್ ಇಳಿದು ಬೀಳುವುದು ಜಾಸ್ತಿಯಾಯಿತು. ಅದನ್ನು ಮುಚ್ಚಿಡಬಾರದು.

'ಶುರು ಮಾಡಿದ್ರೆ ಬಿಡೋಕಾಗಲ್ಲ' ಅನ್ನೋದಕ್ಕೂ ಉತ್ತರ ಇದೆ. ಶುಗರ್ ಬಹಳ ದಿನ ಏರಿಕೊಂಡೇ ಇದ್ದರೆ ಆ ಸಕ್ಕರೆಯೇ ಬೀಟಾ ಕೋಶಕ್ಕೆ ವಿಷ. ಇನ್ಸುಲಿನ್ ಕೊಟ್ಟು ಕೆಲವು ವಾರ ವಿಶ್ರಾಂತಿ ಕೊಟ್ಟರೆ, ಕಾಯಿಲೆ ಹೊಸದಾಗಿದ್ದವರಲ್ಲಿ ಎಷ್ಟೋ ಸಲ ಅವು ಚೇತರಿಸಿಕೊಳ್ಳುತ್ತವೆ. ಆಮೇಲೆ ಮಾತ್ರೆಗೇ ವಾಪಸ್ ಹೋಗಬಹುದು. ಆಪರೇಷನ್, ದೊಡ್ಡ ಸೋಂಕು, ಸ್ಟೀರಾಯ್ಡ್, ಇಂಥ ಸಮಯದಲ್ಲಿ ಮಾತ್ರ ಬೇಕಾಗಿ ನಂತರ ನಿಲ್ಲಿಸಿದವರೂ ಬೇಕಾದಷ್ಟು ಜನ. ನನ್ನ 58ರ ರೋಗಿಗೆ, ಹನ್ನೊಂದು ವರ್ಷದ ನಂತರ, ಪೂರ್ತಿ ಬಿಡೋದು ಕಷ್ಟವೇ ಇರಬಹುದು. ಹಾಗಂತ ನಿಜ ಹೇಳಿದೆ. ಆದರೆ ತಲೆ ಎತ್ತಿ, ಕೂತು ಹೇಳಿದೆ.

ಜಿಪಿ ಅಣ್ಣ

ಮೇಷ್ಟ್ರೇ, ಸ್ವಲ್ಪ ತಕರಾರು ಇದೆ. ಎಂಟೂ ಜನ 'ಇನ್ಸುಲಿನ್' ಅಂದಾಗ ನಿಮಗೆ ಖುಷಿಯಾಯಿತು ಅಂದಿರಿ. ನನಗಾಗಿದ್ದರೆ ಆಗುತ್ತಿರಲಿಲ್ಲ.

ಮಾತ್ರೆ ಸಾಲದು ಅಂದ ತಕ್ಷಣ ಇನ್ಸುಲಿನ್ ಅನ್ನುವ ಕಾಲ ಹೋಯಿತು. ಈಗಿನ ಮಾರ್ಗಸೂಚಿಗಳಲ್ಲಿ ಇಂಜೆಕ್ಷನ್ ಬೇಕು ಅಂದರೆ ಹೆಚ್ಚಿನವರಿಗೆ ಮೊದಲು ಜಿಎಲ್‌ಪಿ-1 ಗುಂಪಿನದ್ದು (ಹಸಿವು ತಗ್ಗಿಸಿ, ಮೈಯ ಸ್ವಂತ ಇನ್ಸುಲಿನ್ ಏರಿಸುವ ಔಷಧಿ). ತೂಕ ಇಳಿಯುತ್ತದೆ, ಶುಗರ್ ಬೀಳುವ ಭಯ ಕಮ್ಮಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಎಸ್‌ಜಿಎಲ್‌ಟಿ2 ಮಾತ್ರೆ. ವಿದ್ಯಾರ್ಥಿಗಳಿಗೆ ಇನ್ಸುಲಿನ್ ಯಾವಾಗ ಬೇಡ ಅನ್ನೋದೂ ಗೊತ್ತಿರಬೇಕು ಅಲ್ವಾ?

ರೌಂಡ್ಸ್ ಮೇಷ್ಟ್ರು

ಒಪ್ಪಿದೆ ಅಣ್ಣ. ಆದರೆ ಈ ರೋಗಿಯ ವಿಷಯದಲ್ಲಿ ಒಪ್ಪಲ್ಲ. ಏಳು ಕಿಲೋ ಇಳಿದಿದ್ದಾರೆ. ಇಲ್ಲಿ ತೂಕ ಇಳಿದಿದ್ದು ಒಳ್ಳೆಯ ಸುದ್ದಿ ಅಲ್ಲ, ಇನ್ಸುಲಿನ್ ಸಾಲದೆ ಮೈ ತನ್ನ ಸ್ನಾಯು, ಕೊಬ್ಬನ್ನೇ ತಿನ್ನುತ್ತಿದೆ. ಇಂಥ ಲಕ್ಷಣ ಇದ್ದರೆ, ಅಥವಾ ಎಚ್‌ಬಿಎ1ಸಿ 10 ದಾಟಿದ್ದರೆ, ಅಥವಾ ಶುಗರ್ 300 ದಾಟಿದ್ದರೆ ಇನ್ಸುಲಿನ್ ಯೋಚಿಸಿ ಅಂತ ಅದೇ ಮಾರ್ಗಸೂಚಿಗಳೇ ಹೇಳುತ್ತವೆ. (ಇಲ್ಲಿ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ.)

ಜಿಪಿ ಅಣ್ಣ

ಸರಿ, ತೂಕ ಇಳಿದದ್ದನ್ನು ನಾನು ಗಮನಿಸದೆ ಬಿಟ್ಟೆ. ಆದರೆ ಹಾಗಿದ್ದರೆ ಇನ್ನೂ ಒಂದು ಪ್ರಶ್ನೆ ಬರುತ್ತದೆ. ಇದು ನಿಜವಾಗಿ ಟೈಪ್ 2 ಹೌದಾ? ತೂಕ ಬೇಗ ಇಳಿದವರಲ್ಲಿ ನಿಧಾನವಾಗಿ ಬರುವ ಆಟೋಇಮ್ಯೂನ್ ಬಗೆ (ಮೈಯೇ ತನ್ನ ಬೀಟಾ ಕೋಶಗಳನ್ನು ಕೊಲ್ಲುವುದು) ಇರಬಹುದು. ಈ ವಯಸ್ಸಿನಲ್ಲಿ ಮೇದೋಜೀರಕ ಗ್ರಂಥಿಯ ಗಡ್ಡೆ ಇರಬಹುದು. ಆಂಟಿಬಾಡಿ, ಸ್ಕ್ಯಾನ್ ಬಗ್ಗೆ ಎಂಟರಲ್ಲಿ ಒಬ್ಬರಾದರೂ ಕೇಳಿದರಾ?

ರೌಂಡ್ಸ್ ಮೇಷ್ಟ್ರು

ಒಬ್ಬಳು ಕೇಳಿದಳು. 51 ಅಮೈನೋ ಆಮ್ಲದವಳೇ. ಸ್ಕ್ಯಾನ್ ಆಯಿತು, ಏನೂ ಇಲ್ಲ. ಆಂಟಿಬಾಡಿಯೂ ನೆಗೆಟಿವ್.

ಕೊನೆ ಬೆಂಚು

ಕೊನೆಗೆ ಎಷ್ಟು ಯೂನಿಟ್ ಬರೆದಿರಿ ಸಾರ್? ಸಸ್ಪೆನ್ಸ್ ತಡೆಯೋಕಾಗ್ತಿಲ್ಲ.

ರೌಂಡ್ಸ್ ಮೇಷ್ಟ್ರು

12. ಇದರಲ್ಲಿ ಮಂತ್ರ ಏನಿಲ್ಲ. ಬೇಸಲ್ ಇನ್ಸುಲಿನ್ (ಊಟಕ್ಕೆ ಸಂಬಂಧವಿಲ್ಲದೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವಂಥದ್ದು) ಶುರು ಮಾಡುವಾಗ ಸುಮ್ನೆ 10 ಯೂನಿಟ್, ಇಲ್ಲವೇ ಕಿಲೋಗೆ 0.1ರಿಂದ 0.2. ಇವರ ತೂಕಕ್ಕೆ 7ರಿಂದ 14ರ ಒಳಗೆ ಬರುತ್ತದೆ. ದಿನಕ್ಕೊಂದು ಸಲ, ಒಂದೇ ಹೊತ್ತಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ನೋಡುತ್ತಾ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸೋದು, 80ರಿಂದ 130ರ ಒಳಗೆ ಬರುವ ತನಕ. ನಡುವೆ ಶುಗರ್ 70ರ ಕೆಳಗೆ ಹೋಯಿತು, ಕಾರಣ ಗೊತ್ತಾಗಲಿಲ್ಲ ಅಂದರೆ ಡೋಸನ್ನು 10ರಿಂದ 20 ಶೇಕಡಾ ಇಳಿಸೋದು. ಮೆಟ್‌ಫಾರ್ಮಿನ್ ಹಾಗೇ ಇರಲಿ. ಸಲ್ಫೊನಿಲ್‌ಯೂರಿಯಾ ಕಮ್ಮಿ ಮಾಡಿದೆ.

ಮೊದಲ ಡೋಸ್ ನಿಖರವಾಗಿ ಇರಬೇಕಾಗಿಲ್ಲ ಅನ್ನೋದನ್ನ ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ಆಂಟಿಬಯಾಟಿಕ್ ಹಾಗೆ ಒಂದು ಸರಿಯಾದ ಅಂಕಿ ಎಲ್ಲೋ ಪುಸ್ತಕದಲ್ಲಿ ಇದೆ ಅಂತ ಹುಡುಕುತ್ತಾರೆ, ಸಿಗದೆ ಹೆದರುತ್ತಾರೆ. ಇದು ಕಮ್ಮಿಯಿಂದ ಶುರು ಮಾಡಿ ನೋಡಿ ನೋಡಿ ಏರಿಸುವ ಔಷಧಿ. ಏರಿಸುವುದನ್ನು ಮರೆತರೆ ಮಾತ್ರ ಕೆಟ್ಟಿತು. 10 ಯೂನಿಟ್‌ನಲ್ಲಿ ಶುರುವಾಗಿ ಮೂರು ವರ್ಷ 10ರಲ್ಲೇ ಕೂತವರನ್ನು ನೋಡಿದ್ದೇನೆ.

ಮಾಜಿ ಹೌಸ್‌ಸರ್ಜನ್

ಏರಿಸೋದರ ಬಗ್ಗೆ ಮಾತಾಯಿತು. ಇಳಿಸೋದರ ಬಗ್ಗೆ ನನ್ನದೊಂದು ಕಥೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ವಾರ್ಡಿನಲ್ಲಿ ಒಬ್ಬ ಅಜ್ಜಿ. ಕಾಲಿನ ಸೋಂಕಿಗೆ ಸೇರಿದ್ದರು. ದಿನಕ್ಕೆ ಒಟ್ಟು 38 ಯೂನಿಟ್. ಸೇರಿದ ದಿನ ಶುಗರ್ 290. ಮೂರನೇ ದಿನ 190, ನಾಲ್ಕನೇ ದಿನ 140, ಐದನೇ ದಿನ 98. ನಾನು ಚಾರ್ಟ್ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. 'ಅಜ್ಜಿ, ಕಂಟ್ರೋಲ್ ಬಂತು ನೋಡಿ' ಅಂದೆ. ಡೋಸ್ ಮುಟ್ಟಲಿಲ್ಲ. ಆರನೇ ದಿನ ಬೆಳಗಿನ ಜಾವ ಸಿಸ್ಟರ್ ಫೋನ್. ಅಜ್ಜಿ ಏನೇನೋ ಮಾತಾಡುತ್ತಿದ್ದಾರೆ, ಹಾಸಿಗೆ ಬೆವರಿನಿಂದ ಒದ್ದೆ. ಶುಗರ್ 41. ಗ್ಲೂಕೋಸ್ ಡ್ರಿಪ್ ಕೊಟ್ಟ ಮೇಲೆ ನನ್ನ ಕೈ ಹಿಡಿದು 'ಏನಾಯ್ತು ಮಗಾ' ಅಂದರು.

ಕ್ರಿಯಾಟಿನಿನ್ (ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಹೇಳುವ ರಕ್ತ ಪರೀಕ್ಷೆ) ರಿಪೋರ್ಟ್ ಹಿಂದಿನ ದಿನವೇ ಬಂದಿತ್ತು. 1.1 ಇದ್ದದ್ದು 3.4. ಫೈಲಿನ ಹಿಂದಿನ ಹಾಳೆಯಲ್ಲಿ ಪಿನ್ ಹೊಡೆದಿತ್ತು, ನಾನು ತಿರುಗಿಸಿರಲಿಲ್ಲ. ಚುಚ್ಚಿದ ಇನ್ಸುಲಿನ್ನನ್ನು ಮೈಯಿಂದ ತೆಗೆಯುವ ಕೆಲಸದ ದೊಡ್ಡ ಪಾಲು ಕಿಡ್ನಿಯದು. ಕಿಡ್ನಿ ಮಲಗಿತು, ಇನ್ಸುಲಿನ್ ಒಳಗೇ ಉಳಿಯಿತು. ಜೊತೆಗೆ ಸೋಂಕು ಇಳಿದಿತ್ತು, ಅಜ್ಜಿ ಊಟ ಅರ್ಧ ಬಿಡುತ್ತಿದ್ದರು. ಮೂರೂ ಕಡೆಯಿಂದ ಡೋಸ್ ಜಾಸ್ತಿಯಾಗುತ್ತಾ ಬಂದಿತ್ತು, ನಾನು ಅದನ್ನು 'ಕಂಟ್ರೋಲ್' ಅಂದುಕೊಂಡಿದ್ದೆ. ಕಾರಣ ಇಲ್ಲದೆ ಶುಗರ್ ಸುಧಾರಿಸಿದರೆ ನಾನು ಈಗ ಮೊದಲು ನೋಡುವುದು ಕ್ರಿಯಾಟಿನಿನ್.

ಅಜ್ಜಿ ಎರಡು ವಾರಕ್ಕೆ ಮನೆಗೆ ಹೋದರು. 12 ಯೂನಿಟ್ ಮೇಲೆ.

ಸಿಸ್ಟರ್ ನೈಟ್ ಡ್ಯೂಟಿ

ಒಳ್ಳೆಯದಾಯಿತು ಬರೆದದ್ದು. ಇಂಥದ್ದನ್ನು ಯಾರೂ ಹೇಳಿಕೊಳ್ಳೋದಿಲ್ಲ. ಬಿಪಿ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಇರುವವರಲ್ಲಿ ಶುಗರ್ ಬಿದ್ದಾಗಿನ ಕೈ ನಡುಕ, ಎದೆ ಬಡಿತ ಗೊತ್ತೇ ಆಗಲ್ಲ. ಬೆವರು ಮಾತ್ರ ಬರುತ್ತದೆ. ರಾತ್ರಿ ಪಾಳಿಯಲ್ಲಿ ನಾನು ಹಣೆ ಮುಟ್ಟಿ ನೋಡುತ್ತೇನೆ.

ಹಾಗೇ ಈ ಸ್ಲೈಡಿಂಗ್ ಸ್ಕೇಲ್ (ಆ ಹೊತ್ತಿನ ಶುಗರ್ ನೋಡಿ ಡೋಸ್ ಕೊಡುವ ಪಟ್ಟಿ) ಬಗ್ಗೆ ಯಾರಾದರೂ ಏನಾದರೂ ಮಾಡಿ. '200 ದಾಟಿದ್ರೆ 4, 250 ದಾಟಿದ್ರೆ 6' ಅಂತ ಬರೆದು ಹೋಗುತ್ತೀರಿ. ರಾತ್ರಿಯೆಲ್ಲ ನಾವು ಶುಗರ್ ಹಿಂದೆ ಓಡುವುದು.

ರೌಂಡ್ಸ್ ಮೇಷ್ಟ್ರು

ಸಿಸ್ಟರ್ ಮಾತಿಗೆ ಅಧ್ಯಯನದ ಬೆಂಬಲವೂ ಇದೆ. 2007ರಲ್ಲಿ ಆಸ್ಪತ್ರೆ ಸೇರಿದ 130 ಟೈಪ್ 2 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಬೇಸಲ್ ಜೊತೆಗೆ ಊಟದ ಇನ್ಸುಲಿನ್ ಕೊಟ್ಟವರಲ್ಲಿ 66 ಶೇಕಡಾ ಜನ 140ರ ಕೆಳಗಿನ ಗುರಿ ಮುಟ್ಟಿದರು. ಬರೀ ಸ್ಲೈಡಿಂಗ್ ಸ್ಕೇಲಿನವರಲ್ಲಿ 38. ಶುಗರ್ ಬೀಳುವುದು ಎರಡರಲ್ಲೂ ಕಮ್ಮಿಯೇ ಇತ್ತು. ಸ್ಕೇಲ್ ನಿನ್ನೆಯ ತಪ್ಪಿಗೆ ಇವತ್ತು ದಂಡ ಹಾಕುತ್ತದೆ, ನಾಳೆಯದ್ದು ಯೋಚಿಸುವುದಿಲ್ಲ. ಆದರೂ ಹೌಸ್‌ಸರ್ಜನ್ ಆದ ಮೊದಲ ವಾರವೇ ಎಲ್ಲರೂ ಕಲಿಯುವುದು ಅದನ್ನೇ. ಯಾಕೆಂದರೆ ಅದಕ್ಕೆ ಯೋಚನೆ ಬೇಡ.

ಎರಡನೇ ಅಟೆಂಪ್ಟ್

ಒಂದು ಪ್ರಶ್ನೆ. ಒಪಿಡಿಯಲ್ಲಿ ನೋಡಿದ ಕೇಸ್. ತೂಕ 80 ಕಿಲೋ, ಗ್ಲಾರ್ಜಿನ್ 46 ಯೂನಿಟ್. ಖಾಲಿ ಹೊಟ್ಟೆ ಶುಗರ್ 118. ಆದರೆ ಎಚ್‌ಬಿಎ1ಸಿ 9.1. ನಾನು 50ಕ್ಕೆ ಏರಿಸೋಣ ಅಂದೆ. ಮೇಡಂ ಮುಖ ನೋಡಿ ನಕ್ಕರು. ಯಾಕೆ?

ಜಿಪಿ ಅಣ್ಣ

9.1 ಅಂದರೆ ದಿನದ ಸರಾಸರಿ ಸುಮಾರು 214. ಬೆಳಿಗ್ಗೆ 118 ಇದ್ದವರ ಸರಾಸರಿ 214 ಆಗಬೇಕಾದರೆ ಉಳಿದ ಹೊತ್ತು ಎಲ್ಲಿರಬೇಕು ಹೇಳಿ? ಊಟ ಆದ ಮೇಲೆ ಏರುತ್ತಿದೆ. ಮಲಗುವಾಗ ಎಷ್ಟಿತ್ತು ಕೇಳಿದ್ರಾ?

ಎರಡನೇ ಅಟೆಂಪ್ಟ್

ಕಾರ್ಡಿನಲ್ಲಿ 240 ಅಂತ ಇತ್ತು.

ಜಿಪಿ ಅಣ್ಣ

ನೋಡಿ, ಅಲ್ಲೇ ಇದೆ ಉತ್ತರ. ರಾತ್ರಿ 240, ಬೆಳಿಗ್ಗೆ 118. ಒಂದೇ ರಾತ್ರಿಗೆ 122 ಇಳಿಯಿತು. 50ಕ್ಕಿಂತ ಜಾಸ್ತಿ ಇಳಿದರೆ, ಅಥವಾ ಬೇಸಲ್ ಡೋಸ್ ಕಿಲೋಗೆ 0.5 ದಾಟಿದರೆ, ಬೇಸಲ್ ಜಾಸ್ತಿಯಾಯಿತು ಅಂತ ಅನುಮಾನ ಪಡಬೇಕು. ಇವರದು ಎರಡೂ ದಾಟಿದೆ. ಊಟದ ಏರಿಕೆಗೆ ರಾತ್ರಿಯ ಇನ್ಸುಲಿನ್ ಏರಿಸುತ್ತಾ ಹೋದರೆ ಒಂದು ದಿನ ಊಟ ತಪ್ಪಿದ ರಾತ್ರಿ ಬಿದ್ದೇ ಬೀಳುತ್ತಾರೆ. ಜಿಎಲ್‌ಪಿ-1 ಸೇರಿಸಿ. ಇಲ್ಲವೇ ಎಲ್ಲಕ್ಕಿಂತ ದೊಡ್ಡ ಊಟದ ಮುಂಚೆ 4 ಯೂನಿಟ್ ವೇಗದ ಇನ್ಸುಲಿನ್. ಮೇಡಂ ನಕ್ಕಿದ್ದು ಅದಕ್ಕೆ. ನಗುವ ಬದಲು ಹೇಳಬಹುದಿತ್ತು ಅನ್ನೋದು ಬೇರೆ ಮಾತು.

ಔಷಧಿ ಕೌಂಟರ್

ಫಾರ್ಮಸಿ ಕಡೆಯಿಂದ ಎರಡೇ ಸಾಲು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ. ಫ್ರೀಜರ್‌ನಲ್ಲಿ ಗಟ್ಟಿಯಾದದ್ದನ್ನು ಕರಗಿಸಿ ಬಳಸಬಾರದು, ಎಸೆಯಬೇಕು. ತೆರೆದದ್ದು ಹೊರಗಿಡಬಹುದು, ಸಾಮಾನ್ಯವಾಗಿ 28 ದಿನ, ಬಿಸಿಲು ತಾಗದಂತೆ. ಎನ್‌ಪಿಎಚ್ ಅನ್ನೋ ಬಗೆಯ ಇನ್ಸುಲಿನ್ ಹಾಲಿನ ಹಾಗೆ ಮಬ್ಬಾಗಿರುತ್ತದೆ, ಅಂಗೈ ನಡುವೆ ಉರುಳಿಸಬೇಕು, ಕುಲುಕಬಾರದು. ಗ್ಲಾರ್ಜಿನ್ ನೀರಿನ ಹಾಗಿರಬೇಕು. ಮಬ್ಬಾದರೆ ವಾಪಸ್ ತನ್ನಿ.

ಹದಿನಾಲ್ಕು ಯೂನಿಟ್

ಇದನ್ನೆಲ್ಲ ಓದಿ ನನ್ನದೊಂದು ಸಂಶಯ. ನಾನು ಎರಡು ವರ್ಷದಿಂದ ಹೊಕ್ಕುಳ ಬಲಕ್ಕೆ ಒಂದೇ ಕಡೆ ಚುಚ್ಚುತ್ತೇನೆ. ಅಲ್ಲಿ ನೋವೇ ಆಗಲ್ಲ, ಅದಕ್ಕೆ. ಈಗ ಅಲ್ಲಿ ಮೆತ್ತಗೆ ಒಂದು ಉಬ್ಬು ಇದೆ. ಯಾವ ಡಾಕ್ಟರೂ ಅಂಗಿ ಎತ್ತಿ ನೋಡಿಲ್ಲ.

ಸಿಸ್ಟರ್ ನೈಟ್ ಡ್ಯೂಟಿ

ಅಲ್ಲಿ ಚುಚ್ಚುವುದು ನಿಲ್ಲಿಸಿ ಅಣ್ಣ. ಅದು ಕೊಬ್ಬಿನ ಗಂಟು. ಅದರೊಳಗಿಂದ ಇನ್ಸುಲಿನ್ ಒಂದು ದಿನ ಬೇಗ ಹೀರಿಕೊಳ್ಳುತ್ತದೆ, ಒಂದು ದಿನ ನಿಧಾನ. ಪ್ರತಿ ಸಲ ಒಂದೆರಡು ಬೆರಳು ಅಗಲ ಜರುಗಿಸಿ, ಎಡ ಬಲ ಬದಲಿಸಿ. ಆದರೆ ಜಾಗ ಬದಲಿಸುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಯಾಕೆಂದರೆ ಒಳ್ಳೆಯ ಜಾಗದಲ್ಲಿ ಅದೇ ಹದಿನಾಲ್ಕು ಜೋರಾಗಿ ಕೆಲಸ ಮಾಡಬಹುದು. ಡೋಸ್ ಸ್ವಲ್ಪ ಇಳಿಸಬೇಕಾಗಬಹುದು. ಒಂದೆರಡು ವಾರ ಶುಗರ್ ಜಾಸ್ತಿ ಸಲ ನೋಡಿಕೊಳ್ಳಿ. 70ರ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಕೊನೆ ಬೆಂಚು

ಅಪ್‌ಡೇಟ್. ಇವತ್ತು ನಮ್ಮ ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ ಅಭ್ಯಾಸಕ್ಕೆ ಇಟ್ಟಿದ್ದ, ಇನ್ಸುಲಿನ್ ಬದಲು ಸಲೈನ್ ತುಂಬಿದ ಇಂಜೆಕ್ಷನ್ ಪೆನ್ ತಗೊಂಡೆ. ಹೊಸ 4 ಮಿಮೀ ಸೂಜಿ ಹಾಕಿ ನನ್ನ ಹೊಟ್ಟೆಗೇ ಚುಚ್ಚಿಕೊಂಡೆ. ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುತ್ತಾ ಅಂತ ನೋಡಬೇಕು ಅನ್ನೋದೇ ಗೊತ್ತಿರಲಿಲ್ಲ. ಎರಡು ನಿಮಿಷ ಕೈ ನಡುಗಿತು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಬಟನ್ ಒತ್ತಿ ತಕ್ಷಣ ತೆಗೆದುಬಿಟ್ಟೆ. ಸೂಜಿ ತುದಿಯಿಂದ ಹನಿ ಜಾರಿ ಅಂಗಿ ಮೇಲೆ ಬಿತ್ತು. ಸಿಸ್ಟರ್ 'ಅಷ್ಟು ಡೋಸ್ ನಷ್ಟ, ಹತ್ತರ ತನಕ ಎಣಿಸಬೇಕು' ಅಂದರು. ಎರಡನೇ ಸಲ ಎಣಿಸಿದೆ.

ಆಮೇಲೆ 9ನೇ ಬೆಡ್ಡಿನವರ ಹತ್ತಿರ ಹೋಗಿ ಅಂಗಿ ಎತ್ತಿ ನೋಡಿದೆ. ಎರಡು ಕಡೆ ಗಂಟು.

ಹದಿನಾಲ್ಕು ಯೂನಿಟ್

ಹತ್ತರ ತನಕ ಎಣಿಸಬೇಕಾ! ನಾನು ಮೂರಕ್ಕೇ ತೆಗೆಯುತ್ತಿದ್ದೆ.